ತಪ್ಪೊಪ್ಪಿಗೆಯ ಒಪ್ಪಂದ ಮತ್ತು ಸತ್ತವರ ಮನೆಯವರು

ಕೊಲ್ಲಬೇಕೆಂದು ಕೊಂದದ್ದಲ್ಲ, ಆದರೂ ಒಬ್ಬರ ಜೀವ ಹೋಗಿದೆ. ಹಾಸನ, ಹೊಳೆನರಸೀಪುರ, ಅರಕಲಗೂಡು, ಚನ್ನರಾಯಪಟ್ಟಣದ ನ್ಯಾಯಾಲಯಗಳ ವಾಯಿದೆ ಪಟ್ಟಿಯಲ್ಲಿ ಈ ಬಗೆಯ ಪ್ರಕರಣಗಳು ಇದ್ದೇ ಇರುತ್ತವೆ. ಬೆಂಗಳೂರು–ಮಂಗಳೂರು ಹೆದ್ದಾರಿಯಲ್ಲಿ ಹಿರೀಸಾವೆ, ಚನ್ನರಾಯಪಟ್ಟಣ, ಶಾಂತಿಗ್ರಾಮದ ಆಸುಪಾಸು ಲಾರಿಗೆ ಸಿಕ್ಕ ಬೈಕ್ ಸವಾರ, ಜಮೀನಿನ ಬದುವಿನ ಜಗಳದಲ್ಲಿ ದೊಣ್ಣೆಯ ಒಂದೇ ಏಟಿಗೆ ಕುಸಿದ ದಾಯಾದಿ, ಹಂದಿಗೆಂದು ಬಿಟ್ಟ ಕರೆಂಟು ತಂತಿ ತುಳಿದ ಪಕ್ಕದ ಹೊಲದ ರೈತ. ಮೂರರಲ್ಲೂ ಸಾವು ಸಾವೇ. ಆದರೆ ಕಾನೂನಿನ ಕಣ್ಣಿಗೆ ಮೂರೂ ಬೇರೆ ಬೇರೆ. ಆರೋಪಿ ತಪ್ಪೊಪ್ಪಿಕೊಂಡು ಕಡಿಮೆ ಶಿಕ್ಷೆಗೆ ಒಪ್ಪಂದ ಮಾಡಿಕೊಳ್ಳಬಹುದೇ ಎಂಬ ಪ್ರಶ್ನೆಗೂ ಮೂರರಲ್ಲಿ ಒಂದೇ ಉತ್ತರವಿಲ್ಲ.

ನಮ್ಮಲ್ಲಿ ಪ್ಲೀ ಬಾರ್ಗೇನಿಂಗ್ ಎಂದೇ ಕರೆಯಲಾಗುವ ಈ ತಪ್ಪೊಪ್ಪಿಗೆಯ ಒಪ್ಪಂದ ಕಾನೂನಿನೊಳಗೆ ಬಂದು 20 ವರ್ಷಗಳಾಗುತ್ತಾ ಬಂದವು. ಅಮೆರಿಕದಲ್ಲಿ ಶಿಕ್ಷೆಯಾಗುವ ಪ್ರಕರಣಗಳಲ್ಲಿ ನೂರಕ್ಕೆ ತೊಂಬತ್ತಕ್ಕೂ ಹೆಚ್ಚು ತಪ್ಪೊಪ್ಪಿಗೆಯಿಂದಲೇ ಮುಗಿಯುತ್ತವೆ. ಅಲ್ಲಿ ಕೊಲೆಯ ಆರೋಪ ಹೊತ್ತವನು ನರಹತ್ಯೆಯನ್ನು ಒಪ್ಪಿಕೊಂಡು ನಿಗದಿತ ಶಿಕ್ಷೆ ಪಡೆಯುವುದು ದಿನನಿತ್ಯದ ವ್ಯವಹಾರ. ಭಾರತದಲ್ಲಿ 2015ರಲ್ಲಿ ಸುಮಾರು 1 ಕೋಟಿ 5 ಲಕ್ಷ ಪ್ರಕರಣಗಳ ಪೈಕಿ ಈ ದಾರಿಯಲ್ಲಿ ಇತ್ಯರ್ಥವಾದವು 4,816 ಮಾತ್ರ. ಇಷ್ಟು ದೊಡ್ಡ ಅಂತರಕ್ಕೆ ನಮ್ಮ ವಕೀಲರ ಅಥವಾ ಆರೋಪಿಗಳ ಸ್ವಭಾವವನ್ನು ಕಾರಣವಾಗಿ ಹೇಳುವವರಿದ್ದಾರೆ. ಕಾನೂನನ್ನೇ ಒಮ್ಮೆ ಬಿಡಿಸಿ ನೋಡಿದರೆ ಬೇರೆಯೇ ಕಾರಣಗಳು ಕಾಣುತ್ತವೆ.

ಒಂದು ಸಾವು, ಎರಡು ಕಲಮು

2024ರ ಜುಲೈ 1ರಿಂದ ಜಾರಿಯಲ್ಲಿರುವ ಭಾರತೀಯ ನ್ಯಾಯ ಸಂಹಿತೆಯಲ್ಲಿ ಕೊಲೆಯ ಹಂತ ಮುಟ್ಟದ ನರಹತ್ಯೆಗೆ 105ನೇ ಕಲಮು ಇದೆ. ಸಾವು ತರುವ ಅಥವಾ ಸಾವು ತರಬಲ್ಲಂಥ ಗಾಯ ಮಾಡುವ ಉದ್ದೇಶವಿದ್ದರೆ ಜೀವಾವಧಿ, ಇಲ್ಲವೇ 5ರಿಂದ 10 ವರ್ಷಗಳ ಸೆರೆವಾಸ. ಉದ್ದೇಶವಿಲ್ಲ, ಆದರೆ ಹೀಗೆ ಮಾಡಿದರೆ ಸಾವು ಸಂಭವಿಸಬಹುದೆಂಬ ಅರಿವಿತ್ತು ಎಂದಾದರೆ 10 ವರ್ಷಗಳವರೆಗೆ ಸೆರೆವಾಸ ಮತ್ತು ದಂಡ. ಹಳೆಯ ದಂಡ ಸಂಹಿತೆಯಲ್ಲಿ ಇದು 304ನೇ ಕಲಮಿನ ಎರಡು ಭಾಗಗಳಾಗಿತ್ತು. ಉದ್ದೇಶವೂ ಇಲ್ಲ, ಅರಿವೂ ಇಲ್ಲ, ಬರೀ ಅಜಾಗರೂಕತೆ ಅಥವಾ ನಿರ್ಲಕ್ಷ್ಯ ಎನ್ನುವ ಸಾವುಗಳಿಗೆ 106ನೇ ಕಲಮು. 1870ರಲ್ಲಿ ದಂಡ ಸಂಹಿತೆಗೆ ಸೇರಿದ 304–ಎ ಕಲಮಿನ ಉತ್ತರಾಧಿಕಾರಿ ಇದು. ಅದರಲ್ಲಿ ಹೆಚ್ಚೆಂದರೆ 2 ವರ್ಷ ಸೆರೆ, ಇಲ್ಲವೇ ದಂಡವೊಂದೇ ಸಾಕಾಗಿತ್ತು. ಈಗ 5 ವರ್ಷಗಳವರೆಗೆ ಸೆರೆ, ಜೊತೆಗೆ ದಂಡ.

ಅರಿವು ಮತ್ತು ನಿರ್ಲಕ್ಷ್ಯದ ನಡುವಿನ ಗೆರೆ ಎಷ್ಟು ತೆಳುವೆಂಬುದು ಕರೆಂಟು ಬೇಲಿಯ ಪ್ರಕರಣಗಳಲ್ಲಿ ಗೊತ್ತಾಗುತ್ತದೆ. ಅರಕಲಗೂಡಿನ ಕಡೆ ಮುಸುಕಿನ ಜೋಳ ತೆನೆಗಟ್ಟುವಾಗ, ಶುಂಠಿ ಬಲಿಯುವಾಗ ಹಂದಿಯ ಕಾಟ ಹೇಳತೀರದು. ರಾತ್ರಿ ಪಂಪ್‌ಸೆಟ್ಟಿನ ಲೈನಿನಿಂದ ಬರಿ ತಂತಿಗೆ ಕರೆಂಟು ಕೊಟ್ಟು ಹೊಲದ ಸುತ್ತ ಮೊಣಕಾಲೆತ್ತರಕ್ಕೆ ಎಳೆಯುತ್ತಾರೆ. ಬೆಳಗಿನ ಜಾವ ತ್ರೀಫೇಸ್ ಬಂದಿತೆಂದು ನೀರು ತಿರುವಲು ಬದುವಿನ ಮೇಲೆ ಹೊರಟ ಪಕ್ಕದ ಹೊಲದವನು ಆ ತಂತಿಗೆ ಕಾಲಿಡುತ್ತಾನೆ. ಕಟ್ಟಿದವನಿಗೆ ಅವನ ಮೇಲೆ ಹಗೆಯಿಲ್ಲ. ಆದರೆ ತಂತಿಯಲ್ಲಿ ಜೀವ ತೆಗೆಯುವ ಕರೆಂಟಿದೆ ಎಂಬುದು ಅವನಿಗೆ ಗೊತ್ತು, ಜೀವ ತೆಗೆಯಲೆಂದೇ ಬಿಟ್ಟದ್ದು. ಬಿಹಾರದಲ್ಲಿ ಶೌಚಾಲಯಕ್ಕೆ ಹೊರಗಿನವರು ಬರದಂತೆ ಕರೆಂಟು ತಂತಿ ಬಿಟ್ಟು ನೆರೆಮನೆಯ ಮಹಿಳೆಯ ಸಾವಿಗೆ ಕಾರಣನಾದವನ ಪ್ರಕರಣ 1960ರ ದಶಕದ ಆರಂಭದಲ್ಲಿ ಸರ್ವೋಚ್ಚ ನ್ಯಾಯಾಲಯಕ್ಕೆ ಹೋಯಿತು. ಅತಿಕ್ರಮ ಪ್ರವೇಶ ಮಾಡಿದವರ ಮೇಲೂ ಇಂಥ ಅಪಾಯ ಒಡ್ಡುವ ಹಕ್ಕು ಜಾಗದ ಒಡೆಯನಿಗಿಲ್ಲ ಎಂದು ಹೇಳಿ, ಅವನಿಗೆ 304–ಎ ಅಡಿ ಆದ ಶಿಕ್ಷೆಯನ್ನು ನ್ಯಾಯಾಲಯ ಎತ್ತಿಹಿಡಿಯಿತು. ಅದೇ ಬಗೆಯ ಕೃತ್ಯದಲ್ಲಿ ಅರಿವನ್ನು ಕಂಡು 10 ವರ್ಷಗಳ ಕಲಮು ಹಾಕಲು ಪೊಲೀಸರಿಗೆ ಇಂದು ಅಡ್ಡಿಯೇನಿಲ್ಲ.

ವಾಹನಗಳ ವಿಷಯದಲ್ಲೂ ಹಾಗೆಯೇ. 2006ರ ನವೆಂಬರಿನಲ್ಲಿ ಮುಂಬೈಯ ಪಾದಚಾರಿ ಮಾರ್ಗದಲ್ಲಿ ಮಲಗಿದ್ದ ಕಾರ್ಮಿಕರ ಮೇಲೆ ಕಾರು ಹರಿದು ಏಳು ಮಂದಿ ಸತ್ತರು. ವಿಚಾರಣಾ ನ್ಯಾಯಾಲಯ ಅದನ್ನು ನಿರ್ಲಕ್ಷ್ಯವೆಂದು ಕಂಡು 6 ತಿಂಗಳ ಶಿಕ್ಷೆ ಕೊಟ್ಟಿತು. ಕುಡಿದು ಓಡಿಸಿದವನಿಗೆ ಅರಿವಿತ್ತು ಎಂದು ಹೇಳಿದ ಉಚ್ಚ ನ್ಯಾಯಾಲಯ ಅದನ್ನು ನರಹತ್ಯೆಯ ಕಲಮಿಗೆ ಏರಿಸಿ 3 ವರ್ಷ ಮಾಡಿತು. 2012ರಲ್ಲಿ ಸರ್ವೋಚ್ಚ ನ್ಯಾಯಾಲಯ ಅದನ್ನೇ ಖಾಯಂಗೊಳಿಸಿತು. ನಮ್ಮ ಜಿಲ್ಲೆಯಲ್ಲಿ 2025ರ ಸೆಪ್ಟೆಂಬರ್ 12ರ ರಾತ್ರಿ ಮೊಸಳೆ ಹೊಸಹಳ್ಳಿಯ ಗಣೇಶ ವಿಸರ್ಜನಾ ಮೆರವಣಿಗೆಯ ಮೇಲೆ ಲಾರಿ ನುಗ್ಗಿ ಹಲವು ಯುವಕರು ಸತ್ತ ಮೇಲೆ ಊರೂರಲ್ಲೂ ಜನ ಕೇಳಿದ್ದು ಇದನ್ನೇ: ಇದು ಅಪಘಾತವೋ, ಅದಕ್ಕಿಂತ ಹೆಚ್ಚಿನದೋ? ಆ ಪ್ರಕರಣದ ತೀರ್ಮಾನ ನ್ಯಾಯಾಲಯಕ್ಕೆ ಬಿಟ್ಟದ್ದು. ಅದರ ಬಗ್ಗೆ ಹೊರಗಿನಿಂದ ಮಾತನಾಡುವುದು ಸಲ್ಲ. ಆದರೆ ಪ್ರಶ್ನೆ ಸರಿಯಾದದ್ದೇ. ಯಾವ ಕಲಮು ಎಂಬುದರ ಮೇಲೆಯೇ ಮುಂದಿನದೆಲ್ಲ ನಿಂತಿದೆ, ತಪ್ಪೊಪ್ಪಿಗೆಯ ಬಾಗಿಲು ತೆರೆದಿದೆಯೋ ಮುಚ್ಚಿದೆಯೋ ಎಂಬುದೂ ಸೇರಿ.

ಕರ್ನಾಟಕದಿಂದ ಹೋದ ಒಂದು ಮೇಲ್ಮನವಿ

ಈ ಒಪ್ಪಂದಗಳನ್ನು ನಮ್ಮ ಸರ್ವೋಚ್ಚ ನ್ಯಾಯಾಲಯ ಬಹುಕಾಲ ಅನುಮಾನದಿಂದಲೇ ನೋಡಿತು. 1976ರಲ್ಲಿ ಮತ್ತು 1980ರಲ್ಲಿ ಆಹಾರ ಕಲಬೆರಕೆಯ ಪ್ರಕರಣಗಳಲ್ಲಿ ಅದು ಈ ಪದ್ಧತಿಯನ್ನು ಕಟುವಾಗಿ ಟೀಕಿಸಿತ್ತು. ಅದಾದ ಸ್ವಲ್ಪ ಕಾಲಕ್ಕೆ, 1983ರ ಕಾನೂನು ವರದಿಗಳಲ್ಲಿ ಅಚ್ಚಾಗಿರುವ ಕರ್ನಾಟಕದ ಪ್ರಕರಣ ಬಂತು. ನಿರ್ಲಕ್ಷ್ಯದಿಂದ ಸಾವು ತಂದ ಆರೋಪ ಹೊತ್ತಿದ್ದವನೊಬ್ಬ, ಹಗುರವಾದ ಶಿಕ್ಷೆಯಲ್ಲಿ ಬಿಡುತ್ತಾರೆಂಬ ಭರವಸೆಯ ಮೇಲೆ ಮ್ಯಾಜಿಸ್ಟ್ರೇಟರ ಮುಂದೆ ತಪ್ಪೊಪ್ಪಿಕೊಂಡ. ಶಿಕ್ಷೆ ಹಗುರವೇ ಆಯಿತು. ಸರ್ಕಾರ ಮೇಲೆ ಹೋದಾಗ ಉಚ್ಚ ನ್ಯಾಯಾಲಯ ಅದನ್ನು ಹೆಚ್ಚಿಸಿತು. ಬಾಯಿಬಿಟ್ಟು ಒಪ್ಪಿಕೊಂಡಿದ್ದರಿಂದ ಅವನಿಗೆ ತನ್ನ ಪರವಾಗಿ ಹೇಳಿಕೊಳ್ಳಲು ಏನೂ ಉಳಿದಿರಲಿಲ್ಲ. ಭರವಸೆ ಕೊಟ್ಟು ತಪ್ಪೊಪ್ಪಿಸಿ ಆಮೇಲೆ ಶಿಕ್ಷೆ ಹೆಚ್ಚಿಸುವುದು ಸಂವಿಧಾನದ 21ನೇ ವಿಧಿಗೆ ವಿರುದ್ಧ ಎಂದ ಸರ್ವೋಚ್ಚ ನ್ಯಾಯಾಲಯ, ತಪ್ಪೊಪ್ಪಿಗೆಯನ್ನೂ ಶಿಕ್ಷೆಯನ್ನೂ ರದ್ದು ಮಾಡಿ ವಿಚಾರಣೆ ಮೊದಲಿನಿಂದ ನಡೆಯಲಿ ಎಂದಿತು.

ಈ ತೀರ್ಪನ್ನು ಒಪ್ಪಂದಗಳನ್ನು ಬೇಡವೆಂದ ತೀರ್ಪುಗಳ ಸಾಲಿಗೆ ಸೇರಿಸುವುದು ರೂಢಿ. ಅದರ ನಿಜವಾದ ಕಾಳಜಿ ಬೇರೆ ಎಂದು ನನಗನಿಸುತ್ತದೆ. ಗುಟ್ಟಾಗಿ, ಲಿಖಿತವಿಲ್ಲದೆ, ಯಾರಿಗೂ ಹೊಣೆಯಿಲ್ಲದೆ ನಡೆದ ಒಪ್ಪಂದದಲ್ಲಿ ಕೊನೆಗೆ ಪೆಟ್ಟು ತಿನ್ನುವವನು ಬಡ ಆರೋಪಿ ಎಂಬುದು ಆ ಕಾಳಜಿ. 1999ರಲ್ಲಿ ಉತ್ತರ ಪ್ರದೇಶದ ಪ್ರಕರಣವೊಂದರಲ್ಲಿ ಇದರ ಇನ್ನೊಂದು ಮಗ್ಗುಲು ಕಂಡಿತು. ನರಹತ್ಯೆಯ 304ನೇ ಕಲಮಿನ ಮೊದಲ ಭಾಗದಡಿ ಶಿಕ್ಷೆಯಾಗಿದ್ದವನು ಮೇಲ್ಮನವಿಯಲ್ಲಿ ತಪ್ಪನ್ನು ಪ್ರಶ್ನಿಸುವುದಿಲ್ಲ, ಶಿಕ್ಷೆ ಇಳಿಸಿದರೆ ಸಾಕು ಎಂದ. ಉಚ್ಚ ನ್ಯಾಯಾಲಯ ಅದುವರೆಗೆ ಕಳೆದ ಜೈಲುವಾಸ ಮತ್ತು ದಂಡಕ್ಕೆ ಇಳಿಸಿತು. ತಪ್ಪೊಪ್ಪಿಕೊಂಡದ್ದೊಂದೇ ಶಿಕ್ಷೆ ಇಳಿಸಲು ಕಾರಣವಾಗದು, ಪ್ರಕರಣದ ಗುಣಾವಗುಣ ನೋಡಿಯೇ ಶಿಕ್ಷೆ ಹಾಕಬೇಕು ಎಂದು ಸರ್ವೋಚ್ಚ ನ್ಯಾಯಾಲಯ ಅದನ್ನು ಹಿಂದಕ್ಕೆ ಕಳಿಸಿತು. ಕರ್ನಾಟಕದ ಪ್ರಕರಣದಲ್ಲಿ ಮೋಸಹೋದವನು ಆರೋಪಿ. ಇಲ್ಲಿ ಲೆಕ್ಕಕ್ಕೇ ಬಾರದೆ ಹೋದದ್ದು ಸತ್ತವನು.

ಅಷ್ಟರಲ್ಲಿ ಬಾಕಿ ಪ್ರಕರಣಗಳ ಹೊರೆ ಬೆಳೆಯುತ್ತಲೇ ಇತ್ತು. ಕಾನೂನು ಆಯೋಗ 1991ರಿಂದಲೇ ತಪ್ಪೊಪ್ಪಿಕೊಳ್ಳುವವರಿಗೆ ರಿಯಾಯಿತಿ ಕೊಡುವ ಯೋಜನೆಯನ್ನು ಶಿಫಾರಸು ಮಾಡುತ್ತಾ ಬಂದಿತು. ನಮ್ಮ ರಾಜ್ಯದವರೇ ಆದ ನಿವೃತ್ತ ಮುಖ್ಯ ನ್ಯಾಯಮೂರ್ತಿಯೊಬ್ಬರ ಅಧ್ಯಕ್ಷತೆಯ ಸಮಿತಿ 2003ರಲ್ಲಿ ಅದನ್ನು ಬೆಂಬಲಿಸಿತು. ಸಂಸತ್ತು ಒಪ್ಪಿ, 2006ರ ಜುಲೈ 5ರಿಂದ ದಂಡ ಪ್ರಕ್ರಿಯಾ ಸಂಹಿತೆಯಲ್ಲಿ ಹೊಸ ಅಧ್ಯಾಯವೊಂದು ಜಾರಿಗೆ ಬಂತು. ಈಗ ಅದು ಆ ಸಂಹಿತೆಯ ಬದಲಿಗೆ ಬಂದ ಭಾರತೀಯ ನಾಗರಿಕ ಸುರಕ್ಷಾ ಸಂಹಿತೆಯ 289ರಿಂದ 300ನೇ ಕಲಮುಗಳಲ್ಲಿದೆ.

ಬೇಕಾದವರಿಗೆ ಬಾಗಿಲು ಮುಚ್ಚಿದೆ

ಈ ಕಲಮುಗಳ ಪ್ರಕಾರ 7 ವರ್ಷಕ್ಕಿಂತ ಹೆಚ್ಚಿನ ಶಿಕ್ಷೆ ಇರುವ ಅಪರಾಧಗಳಿಗೆ ಒಪ್ಪಂದದ ಅವಕಾಶವಿಲ್ಲ. ಅಂದರೆ 10 ವರ್ಷಗಳ 105ನೇ ಕಲಮು ಹೊರಗೆ, 5 ವರ್ಷಗಳ 106(1) ಒಳಗೆ. ಬದುವಿನ ಜಗಳದಲ್ಲಿ ಕೈಮೀರಿ ಹೊಡೆದವನು ಮಾರನೆಯ ದಿನವೇ ಪಶ್ಚಾತ್ತಾಪಪಟ್ಟು ಎಲ್ಲವನ್ನೂ ಒಪ್ಪಿಕೊಳ್ಳಲು ಸಿದ್ಧನಿದ್ದರೂ ಅವನಿಗೆ ಈ ದಾರಿಯಿಲ್ಲ. ಅವನ ಅಪರಾಧ ಜಾಮೀನು ರಹಿತ. ಜಾಮೀನು ಸಿಗದಿದ್ದರೆ ವಿಚಾರಣಾಧೀನ ಕೈದಿಯಾಗಿ ಜೈಲಿನಲ್ಲಿ ಕೂತು ಸತ್ರ ನ್ಯಾಯಾಲಯದ ಸರದಿ ಕಾಯಬೇಕು. ಇತ್ತ ಅಪಘಾತದ ಆರೋಪಿಗೆ ಜಾಮೀನು ಹಕ್ಕಾಗಿ ಸಿಗುತ್ತದೆ. ಅವನು ಮರುವಾರದಿಂದಲೇ ಮತ್ತೆ ಲಾರಿ ಹತ್ತುತ್ತಾನೆ, ವಾಯಿದೆಗೊಮ್ಮೆ ಬಂದು ಸಹಿ ಹಾಕಿ ಹೋಗುತ್ತಾನೆ. ಅವನಿಗೆ ಯಾವ ಆತುರವೂ ಇಲ್ಲ. ಒಪ್ಪಂದ ಬೇಕಾದವನಿಗೆ ಅವಕಾಶವಿಲ್ಲ, ಅವಕಾಶವಿರುವವನಿಗೆ ಬೇಕಿಲ್ಲ. 20 ವರ್ಷಗಳಲ್ಲಿ ಈ ಅಧ್ಯಾಯ ಬಹುಮಟ್ಟಿಗೆ ಪುಸ್ತಕದಲ್ಲೇ ಉಳಿಯಲು ಇದಕ್ಕಿಂತ ದೊಡ್ಡ ಕಾರಣ ಹುಡುಕಬೇಕಿಲ್ಲ.

ಶಿಕ್ಷೆಯ ಲೆಕ್ಕವೂ ಆರೋಪಿಯನ್ನು ಕರೆಯುವಂತಿಲ್ಲ. ಕನಿಷ್ಠ ಶಿಕ್ಷೆ ನಿಗದಿಯಾಗದ ಅಪರಾಧದಲ್ಲಿ ಒಪ್ಪಂದವಾದರೆ ನ್ಯಾಯಾಲಯ ಗರಿಷ್ಠ ಶಿಕ್ಷೆಯ ನಾಲ್ಕನೇ ಒಂದು ಭಾಗ ವಿಧಿಸಬಹುದು. ಮೊದಲ ಬಾರಿಯ ಅಪರಾಧಿಗೆ ಆರನೇ ಒಂದು ಭಾಗ. 106(1)ಕ್ಕೆ ಅನ್ವಯಿಸಿದರೆ 15 ತಿಂಗಳು, ಇಲ್ಲವೇ 10 ತಿಂಗಳು. ಪೂರ್ತಿ ವಿಚಾರಣೆ ನಡೆದರೆ ಸಾಕ್ಷಿಗಳು ತಿರುಗಿಬಿದ್ದು ಖುಲಾಸೆಯಾಗುವ ಸಾಧ್ಯತೆ ಕಣ್ಣೆದುರೇ ಇರುವಾಗ 10 ತಿಂಗಳ ಜೈಲನ್ನು ತಾನಾಗಿ ಆರಿಸಿಕೊ ಎಂದು ಯಾವ ವಕೀಲರು ಕಕ್ಷಿದಾರನಿಗೆ ಹೇಳಿಯಾರು? ಸನ್ನಡತೆಯ ಮೇಲೆ ಬಿಡುಗಡೆ ಮಾಡುವ ಅವಕಾಶವೂ ಈ ಅಧ್ಯಾಯದಲ್ಲಿದೆ, ನಿಜ. ಆದರೆ ನಿರ್ಲಕ್ಷ್ಯದ ಚಾಲನೆಯಿಂದಾದ ಸಾವಿನಲ್ಲಿ ಅಂಥ ಉದಾರತೆ ಸಲ್ಲದೆಂದು ಸರ್ವೋಚ್ಚ ನ್ಯಾಯಾಲಯ 2000ದಲ್ಲೇ ಎಚ್ಚರಿಸಿದೆ. 2015ರಲ್ಲಿ ಪಂಜಾಬಿನ ಪ್ರಕರಣವೊಂದರಲ್ಲಿ, ಪರಿಹಾರ ಕೊಟ್ಟಿದ್ದಾನೆಂದು ಒಂದು ವರ್ಷದ ಶಿಕ್ಷೆಯನ್ನು 24 ದಿನಕ್ಕೆ ಇಳಿಸಿದ್ದನ್ನು ಒಪ್ಪದೆ 6 ತಿಂಗಳಿಗೆ ಏರಿಸಿತು. ಒಂದು ಕಡೆ ಸಂಸತ್ತು ಮೃದುವಾಗಿ ಎನ್ನುತ್ತದೆ, ಇನ್ನೊಂದು ಕಡೆ ನ್ಯಾಯಾಲಯ ಬಿಗಿಯಾಗಿ ಎನ್ನುತ್ತದೆ. ತಾಲ್ಲೂಕಿನ ಮ್ಯಾಜಿಸ್ಟ್ರೇಟರು ಎರಡರ ನಡುವೆ ನಿಂತಿದ್ದಾರೆ, ಶಿಕ್ಷೆಯ ಪ್ರಮಾಣಕ್ಕೆ ಕೈಪಿಡಿಯಿಲ್ಲದೆ.

ಇನ್ನೊಂದು ತೊಡಕು ಇದಕ್ಕಿಂತ ವಿಚಿತ್ರವಾದದ್ದು. ಮಹಿಳೆ ಅಥವಾ ಮಗುವಿನ ವಿರುದ್ಧ ನಡೆದ ಅಪರಾಧಗಳಿಗೆ ಒಪ್ಪಂದ ಅನ್ವಯಿಸುವುದಿಲ್ಲ. ಲೈಂಗಿಕ ಅಪರಾಧ, ವರದಕ್ಷಿಣೆ ಹಿಂಸೆಗಳನ್ನು ಮನಸ್ಸಿನಲ್ಲಿಟ್ಟುಕೊಂಡು ಮಾಡಿದ ರಕ್ಷಣೆ ಇದು. ಅದರ ಉದ್ದೇಶವನ್ನು ಯಾರೂ ಅಲ್ಲಗಳೆಯಲಾರರು. ಆದರೆ ಅಪಘಾತದ ಕಲಮಿಗೆ ಇದನ್ನು ಅಕ್ಷರಶಃ ಅನ್ವಯಿಸಿದರೆ, ಹೊಳೆನರಸೀಪುರದ ರಸ್ತೆಯಲ್ಲಿ ಒಂದೇ ಬೈಕಿನಲ್ಲಿ ಹೋಗುತ್ತಿದ್ದ ದಂಪತಿಗಳಲ್ಲಿ ಗಂಡ ಸತ್ತರೆ ಒಪ್ಪಂದ ಸಾಧ್ಯ, ಹೆಂಡತಿ ಸತ್ತರೆ ಅಸಾಧ್ಯ. ಚಾಲಕನ ತಪ್ಪು ಎರಡರಲ್ಲೂ ಒಂದೇ.

ನ್ಯಾಯಾಲಯದ ಹೊರಗಿನ ಚೌಕಾಸಿ

ಕಾನೂನಿನ ಒಪ್ಪಂದ ನಡೆಯುತ್ತಿಲ್ಲವೆಂದ ಮಾತ್ರಕ್ಕೆ ಒಪ್ಪಂದಗಳೇ ಇಲ್ಲ ಎನ್ನಲಾಗದು. ನಿರ್ಲಕ್ಷ್ಯದ ಸಾವು ರಾಜಿಯಾಗಬಲ್ಲ ಅಪರಾಧಗಳ ಪಟ್ಟಿಯಲ್ಲಿಲ್ಲ. ಆದರೂ ಊರಿನ ಹಿರಿಯರು, ವಾಹನದ ಮಾಲೀಕರು, ಎರಡೂ ಕಡೆಯ ಬಂಧುಗಳು ಕೂತು ಇಷ್ಟು ಹಣ ಎಂದು ಮಾತಾಡುವುದು ಈ ತಾಲ್ಲೂಕುಗಳಲ್ಲಿ ಯಾರಿಗೂ ಹೊಸದಲ್ಲ. ತಿಥಿ ಮುಗಿಯುವುದರೊಳಗೆ ಮಾತುಕತೆ ಶುರುವಾಗುತ್ತದೆ. ಅಲ್ಲಿ ಮಾರಾಟವಾಗುವುದು ಸಾಕ್ಷಿಯ ಮೌನ. ಎರಡು ಮೂರು ವರ್ಷಗಳ ನಂತರ ಪ್ರಕರಣ ಸಾಕ್ಷಿ ವಿಚಾರಣೆಗೆ ಬಂದಾಗ ಕಣ್ಣಾರೆ ಕಂಡವನು ‘ನಾನು ನೋಡಲಿಲ್ಲ, ಆಮೇಲೆ ಬಂದೆ’ ಎನ್ನುತ್ತಾನೆ. ಮಹಜರಿನ ಪಂಚರು ‘ಪೊಲೀಸರು ಕರೆದರು, ಸಹಿ ಹಾಕಿದೆ’ ಎನ್ನುತ್ತಾರೆ. ಅಭಿಯೋಜಕರು ಅವರನ್ನು ಪ್ರತಿಕೂಲ ಸಾಕ್ಷಿ ಎಂದು ಘೋಷಿಸಿ ಪಾಟೀಸವಾಲು ಮಾಡುತ್ತಾರೆ. ಅಲ್ಲಿಗೆ ಮುಗಿಯಿತು.

ಸತ್ತವರ ಮನೆಯವರನ್ನು ಇದಕ್ಕಾಗಿ ದೂರುವುದು ನ್ಯಾಯವಲ್ಲ. ದುಡಿಯುವ ಗಂಡಸು ಹೋದ ಮನೆಗೆ ಶಾಲೆಯ ಫೀಸು, ಸಹಕಾರ ಸಂಘದ ಸಾಲ, ಎತ್ತಿನ ಮೇವು ಎಲ್ಲವೂ ಮರುದಿನವೇ ಎದುರು ನಿಲ್ಲುತ್ತವೆ. ಮೋಟಾರು ಅಪಘಾತ ಪರಿಹಾರ ನ್ಯಾಯಮಂಡಳಿಯ ಹಣ ಬರಲು ಕಾಲ ಹಿಡಿಯುತ್ತದೆ, ವಿಮೆ ಇಲ್ಲದ ವಾಹನವಾದರೆ ಅದೂ ಅನುಮಾನ. ಕರೆಂಟು ಬೇಲಿಯ ಸಾವಿಗೆ ಆ ನ್ಯಾಯಮಂಡಳಿಯೂ ಇಲ್ಲ. ಕೈಗೆ ಬರುವ ಹಣವನ್ನು ಬೇಡ ಎನ್ನುವ ಶಕ್ತಿ ಎಷ್ಟು ಕುಟುಂಬಗಳಿಗಿದೆ? ಆದರೆ ಈ ರಾಜಿಯಲ್ಲಿ ಮೊತ್ತವನ್ನು ನಿರ್ಧರಿಸುವುದು ಮಾಲೀಕನ ಪ್ರಭಾವ ಮತ್ತು ಕುಟುಂಬದ ಅಸಹಾಯಕತೆ. ವಿಧವೆಗೆಂದು ಮಾತಾಡಿದ ಹಣ ಮೈದುನನ ಕೈಸೇರಿದರೆ ಕೇಳುವವರಿಲ್ಲ. ತಪ್ಪನ್ನು ಯಾರೂ ಬಾಯಿಬಿಟ್ಟು ಒಪ್ಪಿಕೊಂಡಿರುವುದಿಲ್ಲ, ಚಾಲಕನ ದಾಖಲೆಯಲ್ಲಿ ಒಂದು ಗೆರೆಯೂ ಬೀಳುವುದಿಲ್ಲ. 2022ರಲ್ಲಿ ದೇಶದ ರಸ್ತೆಗಳಲ್ಲಿ 1,68,491 ಜನ ಸತ್ತರು. ಅಷ್ಟೊಂದು ಸಾವುಗಳಲ್ಲಿ ಇದು ನನ್ನಿಂದಾಯಿತು ಎಂದು ನ್ಯಾಯಾಲಯದಲ್ಲಿ ನಿಂತು ಹೇಳಿದವರ ಸಂಖ್ಯೆ ಬಹಳ ಸಣ್ಣದಿದ್ದೀತು.

ಕಾನೂನಿನ ದಾರಿಯಲ್ಲಿ ಇವುಗಳಿಗೆ ಒಂದಿಷ್ಟು ಉತ್ತರವಿದೆ. ಆರೋಪಿ ಪ್ರಮಾಣಪತ್ರದೊಂದಿಗೆ ಅರ್ಜಿ ಹಾಕಬೇಕು. ನ್ಯಾಯಾಧೀಶರು ಅವನನ್ನು ಗುಪ್ತವಾಗಿ, ಎದುರು ಪಕ್ಷ ಇಲ್ಲದಾಗ ವಿಚಾರಿಸಿ, ಒತ್ತಾಯವಿಲ್ಲದೆ ಬಂದಿದ್ದಾನೆಯೇ ಎಂದು ಖಚಿತಪಡಿಸಿಕೊಳ್ಳಬೇಕು. ಆಮೇಲೆ ಅಭಿಯೋಜಕರು, ತನಿಖಾಧಿಕಾರಿ, ಆರೋಪಿ ಮತ್ತು ಬಾಧಿತರು ಒಟ್ಟಿಗೆ ಕೂತು 60 ದಿನಗಳೊಳಗೆ ಒಮ್ಮತದ ಇತ್ಯರ್ಥಕ್ಕೆ ಬರಬೇಕು. ಕಾನೂನಿನಲ್ಲಿ ಬಾಧಿತರು ಎಂದರೆ ಸತ್ತವರ ವಾರಸುದಾರರೂ ಸೇರುತ್ತಾರೆ. ಪರಿಹಾರದ ಮೊತ್ತ ತೀರ್ಪಿನಲ್ಲೇ ದಾಖಲಾಗುತ್ತದೆ. ಒಪ್ಪಿಗೆಗಾಗಿ ಕೊಟ್ಟ ಹೇಳಿಕೆಯನ್ನು ಬೇರೆ ಯಾವುದಕ್ಕೂ ಬಳಸುವಂತಿಲ್ಲ.

ಎರಡೂ ಕಡೆಯ ಮಾತು

ಒಪ್ಪಂದವನ್ನು ವಿರೋಧಿಸುವವರ ಆತಂಕಗಳನ್ನು ಹಗುರವಾಗಿ ಕಾಣಲಾಗದು. ದುಡ್ಡಿದ್ದವನು ಶಿಕ್ಷೆಯನ್ನು ಕೊಂಡುಕೊಳ್ಳುತ್ತಾನೆ ಎಂಬುದು ಮೊದಲನೆಯದು. ಎರಡನೆಯದು ಇನ್ನೂ ಗಂಭೀರ: ಮಾಲೀಕನ ಮಗ ಓಡಿಸುತ್ತಿದ್ದ ಕಾರಿಗೆ ಸಂಬಳದ ಡ್ರೈವರ್ ತಪ್ಪೊಪ್ಪಿಕೊಂಡರೆ? ಸಾಕ್ಷಿ ವಿಚಾರಣೆ ನಡೆದರೆ ಸುಳ್ಳು ಎಲ್ಲಾದರೂ ಬಿರುಕು ಬಿಡಬಹುದು. ಒಪ್ಪಂದದಲ್ಲಿ ಅದಕ್ಕೆ ಜಾಗವೇ ಇಲ್ಲ. ನಿರಪರಾಧಿಯೂ ಕೋರ್ಟಿನ ಅಲೆದಾಟಕ್ಕೆ ಬೇಸತ್ತು ಒಪ್ಪಿಕೊಂಡಾನು ಎಂಬುದು ಅಮೆರಿಕದ ಅನುಭವ ಹೇಳುವ ಮಾತು. ಇಂಗ್ಲೆಂಡಿನಲ್ಲಿ ಬೇರೆ ರೀತಿ. ಅಲ್ಲಿ ಶಿಕ್ಷೆಯ ಮಾರ್ಗಸೂಚಿಯೇ ಆರಂಭದಲ್ಲಿ ತಪ್ಪೊಪ್ಪಿಕೊಂಡವನಿಗೆ ಮೂರನೇ ಒಂದು ಭಾಗದವರೆಗೆ ರಿಯಾಯಿತಿ ಹೇಳಿ, ತಡವಾದಷ್ಟೂ ಅದನ್ನು ಕಡಿಮೆ ಮಾಡುತ್ತದೆ. ನರಹತ್ಯೆಯೂ ಅದರಿಂದ ಹೊರತಲ್ಲ. ಎಷ್ಟು ಸಿಗುತ್ತದೆಂಬುದು ಆರೋಪಿಗೂ ಸತ್ತವರ ಮನೆಯವರಿಗೂ ಮೊದಲೇ ಗೊತ್ತಿರುತ್ತದೆ.

ಪರವಾಗಿರುವವರು ಹೇಳುವುದು: ತಡವಾಗಿ ಬರುವ ಖುಲಾಸೆಗಿಂತ ಬೇಗ ಬರುವ, ದಾಖಲಾದ, ಸಣ್ಣದಾದರೂ ನಿಜವಾದ ಶಿಕ್ಷೆ ಮೇಲು. ಅಪಘಾತದ ಸಾವುಗಳ ಮಟ್ಟಿಗೆ ಈ ವಾದ ಹೆಚ್ಚು ಸರಿ ಎಂಬುದು ಈ ಲೇಖಕನ ಅಭಿಪ್ರಾಯ. ಅಲ್ಲಿ ಮನೆಯವರಿಗೆ ಬೇಕಾದದ್ದು ಬಹಳ ಸಲ ಮೂರು: ತಪ್ಪಿನ ಒಪ್ಪಿಗೆ, ಬದುಕಿಗೆ ಆಸರೆ, ಅದೇ ಚಾಲಕ ಅದೇ ವೇಗದಲ್ಲಿ ಮತ್ತೆ ರಸ್ತೆಗಿಳಿಯಲಾರನೆಂಬ ಭರವಸೆ. ಗುಟ್ಟಿನ ರಾಜಿ ಮಧ್ಯದ್ದನ್ನು ಮಾತ್ರ, ಅದನ್ನೂ ಅರೆಬರೆಯಾಗಿ ಕೊಡುತ್ತದೆ. ಆದರೆ 105ನೇ ಕಲಮಿನ ನರಹತ್ಯೆಗೂ ಈ ಬಾಗಿಲನ್ನು ತೆರೆಯಬೇಕೆಂಬ ಸಲಹೆಯನ್ನು ಈಗಲೇ ಒಪ್ಪುವುದು ಕಷ್ಟ. ಜಮೀನು, ಜಾತಿ, ಊರಿನ ಬಲಾಬಲ ಬೆರೆತ ಸಾವುಗಳಲ್ಲಿ ಸತ್ತವನ ಹೆಂಡತಿ, ಕೊಂದವನ ಎದುರು ಕೂತು ಮುಕ್ತವಾಗಿ ಬೇಡ ಎನ್ನಬಲ್ಲಳೇ? ಅದಕ್ಕೆ ಮೊದಲು ಸಾಕ್ಷಿಗಳಿಗೆ ರಕ್ಷಣೆ ಬೇಕು, ಶಿಕ್ಷೆಗೆ ಮಾರ್ಗಸೂಚಿ ಬೇಕು. ಕೈಯಲ್ಲಿರುವ 106ನೇ ಕಲಮಿನಲ್ಲೇ ಪದ್ಧತಿ ಬೇರೂರಲಿ.

ಮೂವತ್ತು ದಿನಗಳು

ಹೊಸ ಕಾನೂನಿನಲ್ಲಿ ಇದಕ್ಕೊಂದು ಗಡುವು ಬಂದಿದೆ. ಆರೋಪ ನಿಗದಿಯಾದ 30 ದಿನಗಳೊಳಗೆ ಅರ್ಜಿ ಹಾಕಬೇಕು. ಮೊದಲು ಇಂಥ ಮಿತಿ ಇರಲಿಲ್ಲ. ಶಿಕ್ಷೆ 5 ವರ್ಷಕ್ಕೆ ಏರಿದ್ದರಿಂದ ನಿರ್ಲಕ್ಷ್ಯದ ಸಾವು ಸಮನ್ಸ್ ಪ್ರಕರಣವಾಗಿ ಉಳಿಯದೆ ವಾರಂಟ್ ಪ್ರಕರಣವಾಗಿದೆ, ಹಾಗಾಗಿ ಔಪಚಾರಿಕವಾಗಿ ಆರೋಪ ನಿಗದಿಯಾಗುತ್ತದೆ, ಗಡುವಿನ ಎಣಿಕೆ ಅಲ್ಲಿಂದ ಶುರು. ಆ 30 ದಿನಗಳಲ್ಲಿ ಚಾಲಕನಿಗೆ ಇದನ್ನು ತಿಳಿಸುವವರು ಯಾರು? ಸತ್ತವರ ಮನೆಯವರಿಗೆ ಹೇಳುವವರು ಯಾರು? ತಾಲ್ಲೂಕು ಕಾನೂನು ಸೇವಾ ಸಮಿತಿಗಳಿವೆ, ಅವು ನಡೆಸುವ ಲೋಕ ಅದಾಲತ್‌ಗಳು ಜನರಿಗೆ ಚೆನ್ನಾಗಿ ಗೊತ್ತು. ಆರೋಪ ನಿಗದಿಯಾದ ದಿನವೇ ಆರೋಪಿಗೂ ಸತ್ತವರ ವಾರಸುದಾರರಿಗೂ ಒಂದು ಪುಟದ ಕನ್ನಡ ತಿಳಿವಳಿಕೆ ಪತ್ರ ಕೊಡುವುದು ಅವುಗಳಿಗೆ ಕಷ್ಟದ ಕೆಲಸವಲ್ಲ. ಬಾಧಿತರ ಪರವಾಗಿ ಉಚಿತ ವಕೀಲರೊಬ್ಬರು ಮಾತುಕತೆಯಲ್ಲಿ ಕೂರಬೇಕು. ವಾಹನ ಓಡಿಸಿದವನು ಇವನೇ ಎಂಬುದಕ್ಕೆ ತನಿಖೆಯಲ್ಲಿ ಏನಿದೆ ಎಂದು ನ್ಯಾಯಾಧೀಶರು ಒಪ್ಪಿಗೆಗೆ ಮೊದಲೇ ನೋಡಿ ಬರೆದಿಡಬೇಕು. ಪರಿಹಾರದ ಹಣ ನೇರವಾಗಿ ವಿಧವೆಯ, ಮಕ್ಕಳ ಹೆಸರಿನ ಖಾತೆಗೇ ಹೋಗಬೇಕು.

ಈ ಎಚ್ಚರ ಬೇಕಾಗಿರುವುದಕ್ಕೆ ಕಾನೂನಿನಲ್ಲೇ ಕಾರಣವಿದೆ. ಸಾಮಾನ್ಯ ವಿಚಾರಣೆಯಲ್ಲಿ ಆರೋಪಿ ಖುಲಾಸೆಯಾದರೆ ಅಥವಾ ಸಣ್ಣ ಕಲಮಿಗೆ ಇಳಿದರೆ ಬಾಧಿತರು ತಾವೇ ಮೇಲ್ಮನವಿ ಹೋಗಬಹುದು. ಒಪ್ಪಂದದ ತೀರ್ಪಿಗೆ ಮೇಲ್ಮನವಿ ಇಲ್ಲ. ಉಳಿಯುವುದು ಉಚ್ಚ ನ್ಯಾಯಾಲಯದ ರಿಟ್ ಮತ್ತು ಸರ್ವೋಚ್ಚ ನ್ಯಾಯಾಲಯದ ವಿಶೇಷ ಅನುಮತಿ ಅರ್ಜಿ ಮಾತ್ರ. ಕೊಣನೂರಿನ ಅಥವಾ ನುಗ್ಗೇಹಳ್ಳಿಯ ಒಂದು ಕುಟುಂಬಕ್ಕೆ ಅವೆರಡೂ ಕೈಗೆಟುಕುವಂಥವಲ್ಲ. ಆ ಮನೆಯವರಿಗೆ ತಮ್ಮ ಮಾತು ಹೇಳಲು ಸಿಗುವುದು ಮಾತುಕತೆಯ ಆ 60 ದಿನಗಳು ಮಾತ್ರ.